ಎಂಟು ದಿನದ ಉಪವಾಸ

ಆರ್.ಟಿ. ನಗರ
ಫೆಬ್ರವರಿ 3, 2019

ಶಶಿರೇಖಾ ಅಕ್ಕನವರಿಗೆ ತಾಹೆರಾ ಬರೆಯುವುದು.

ಮೊದಲು ತಪ್ಪಾಯಿತು ಎಂದು ಹೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಯಾವ ಅಕ್ಷರದ ಹೊಟ್ಟೆ ಸೀಳಬೇಕು, ಯಾವುದರದು ಸೀಳಬಾರದು ಎಂಬುದು ನನಗೆ ಈಗಲೂ ಗೊತ್ತಾಗುವುದಿಲ್ಲ. ಐದನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟು ಹನ್ನೊಂದು ವರ್ಷವಾಯಿತು. ಆಮೇಲೆ ನಾನು ಬರೆದದ್ದೆಂದರೆ ಲ್ಯಾಬಿನ ಬಾಟಲಿಗಳ ಮೇಲೆ ತಾರೀಖು ಮಾತ್ರ. ಆದರೆ ನೀವು ಫೋನಿನಲ್ಲಿ, “ನಿಂದು ಬರೀ ಹೂಂ, ಊಹೂಂ. ಇದಕ್ಕಿಂತ ಕಾಗದ ಬರಿ ಕಣೇ, ಮಲಗಿ ಮಲಗಿ ನಂಗೂ ಬೇಜಾರು” ಎಂದಿರಿ. ಅದಕ್ಕೇ ಕುಳಿತಿದ್ದೇನೆ. ಮೊದಲು ಹಳೆಯ ಗ್ರಾಫ್ ಹಾಳೆಯ ಹಿಂಬದಿಗೆ ಕಚ್ಚಾ ಬರೆದುಕೊಂಡು, ಬೇಡದ್ದನ್ನು ತೆಗೆದು, ಆಮೇಲೆ ಇಲ್ಲಿ ನಕಲು ಮಾಡುತ್ತಿದ್ದೇನೆ.

ನೀವು ಜಾಲಹಳ್ಳಿಯ ತವರುಮನೆಯಲ್ಲಿ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದು ನಿಮ್ಮ ಅಮ್ಮ ಹೇಳಿದರು. ಅಬ್ಬಾ ಇದನ್ನು ಕೇಳಿ, “ನಾನು ಹೊಲ್ದಿರೋ ಹಾಸಿಗೆ ಕಳಿಸ್ಲಾ ಕೇಳು. ಹೊಸ ಹತ್ತಿ ಐತೆ, ಬೆನ್ನು ನೋಯಲ್ಲ” ಎಂದರು. ಬೇಕಾದರೆ ಹೇಳಿ.

ಲ್ಯಾಬಿನಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನೀವು ಆಸ್ಪತ್ರೆಯಿಂದ ಫೋನು ಮಾಡಿ ಹೇಳಿದಿರಲ್ಲ, ಅಲುಗಾಡಿಸುವ ಶೇಕರಿನ ಮೇಲಿದ್ದ ಇಪ್ಪತ್ತನಾಲ್ಕು ಯೀಸ್ಟಿನ ಫ್ಲಾಸ್ಕುಗಳನ್ನು ಎಂಟು ದಿನ ನೋಡಿಕೊಳ್ಳಬೇಕೆಂದು. ಒಂದು ದಿನವೂ ತಪ್ಪಿಸಲಿಲ್ಲ. ಭಾನುವಾರವೂ ಹೋಗಿದ್ದೆ. ಗೇಟಿನ ಮುನಿಆಂಜಿನಪ್ಪ, “ಏನಮ್ಮಾ ಸೈಂಟಿಸ್ಟು, ರಜಾ ದಿನಾನೂ ಬಿಡಲ್ವಾ?” ಎಂದು ರೇಗಿಸಿದರು. ಬಾಲರಾಜ್ ಅಣ್ಣ ಅವರ ಅಕ್ಕನ ಮದುವೆ ಮುಗಿಸಿಕೊಂಡು ಇಪ್ಪತ್ತೊಂಬತ್ತಕ್ಕೆ ಬಂದರು. ಅದೇ ದಿನ ಫ್ಲಾಸ್ಕುಗಳಿಂದ ತೆಗೆದು ಪ್ಲೇಟುಗಳಿಗೆ ಹಾಕಿದರು. ಮೂರನೇ ದಿನ ಕೂತು ಅದರಲ್ಲಿ ಬೆಳೆದ ಯೀಸ್ಟಿನ ಬಿಳಿ ಚುಕ್ಕೆಗಳನ್ನೆಲ್ಲ ಎಣಿಸಿದರು. ಅವರು ಎಣಿಸಿ ಮುಗಿಸಿದ ಕೂಡಲೇ ನಾನು ಎಲ್ಲವನ್ನೂ ಆಟೋಕ್ಲೇವಿನ ಹಬೆಗೆ ಹಾಕಿ, ಫ್ಲಾಸ್ಕು ತೊಳೆದು ಕವುಚಿ ಹಾಕಿದ್ದೇನೆ. ನೀವು ಬಂದಾಗ ಒಂದೂ ಕಲೆ ಕಾಣುವುದಿಲ್ಲ.

ಇನ್ನೇನು ಬರೆಯಬೇಕೋ ತಿಳಿಯದು. ಹುಷಾರಾಗಿರಿ.

ತಾಹೆರಾ


ಜಾಲಹಳ್ಳಿ
ಫೆಬ್ರವರಿ 12, 2019

ಪ್ರೀತಿಯ ತಾಹೆರಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅಕ್ಷರ ಚೆನ್ನಾಗಿಯೇ ಇದೆ, ಸುಮ್ಮನೆ ಹೆದರಬೇಡ. ಅಮ್ಮ ಓದಿ, “ಈ ಹುಡುಗಿ ಬಾಯಲ್ಲಿ ಮುತ್ತು ಇಟ್ಕೊಂಡಿದಾಳೆ ಅಂತಿದ್ದೆ, ಎಷ್ಟು ಮಾತಾಡ್ತಾಳೆ ನೋಡು” ಎಂದರು.

ಆ ಫ್ಲಾಸ್ಕುಗಳನ್ನು ನೋಡಿಕೊಂಡಿದ್ದಕ್ಕೆ ನಿನಗೆ ಹೇಗೆ ಥ್ಯಾಂಕ್ಸ್ ಹೇಳಲಿ? ನಾಲ್ಕು ವರ್ಷದ ಕೆಲಸದಲ್ಲಿ ಅದು ಕೊನೆಯ ಕಂತು. ಆಂಬುಲೆನ್ಸಿನಲ್ಲಿ ಮಲಗಿದ್ದಾಗಲೂ ನನಗೆ ಹೊಟ್ಟೆಯಲ್ಲಿರುವ ಮಗು ಒಂದು ಕಡೆ, ಶೇಕರಿನ ಮೇಲಿನ ಫ್ಲಾಸ್ಕು ಒಂದು ಕಡೆ. ಯಾರಿಗೂ ಹೇಳಬೇಡ, ಬೈಯುತ್ತಾರೆ.

ಅಬ್ಬಾ ಅವರಿಗೆ ನಮಸ್ಕಾರ ತಿಳಿಸು. ಹಾಸಿಗೆ ಬೇಡ, ಡಾಕ್ಟರು ಗಟ್ಟಿ ಮಂಚವೇ ಒಳ್ಳೆಯದು ಎಂದಿದ್ದಾರೆ. ಲ್ಯಾಬಿನ ಸುದ್ದಿಯನ್ನು ಬಿಡದೆ ಬರಿ.

ನಿನ್ನ ಅಕ್ಕ,
ಶಶಿರೇಖಾ


ಆರ್.ಟಿ. ನಗರ
ಮಾರ್ಚ್ 3, 2019

ಶಶಿರೇಖಾ ಅಕ್ಕನವರಿಗೆ,

ಈ ಸುದ್ದಿಯನ್ನು ಬರೆಯಬೇಕೋ ಬಾರದೋ ಎಂದು ಮೂರು ದಿನ ಯೋಚಿಸಿದೆ. ನಿಮಗೆ ಬೇಸರವಾಗುವ ಮಾತು ಬರೆಯಬಾರದೆಂದು ನಿಮ್ಮ ಅಮ್ಮ ವರಲಕ್ಷ್ಮಮ್ಮನವರು ನನಗೆ ಫೋನಿನಲ್ಲಿ ಹೇಳಿದ್ದಾರೆ. ಆದರೆ ನೀವು ಬಿಡದೆ ಬರಿ ಎಂದಿದ್ದೀರಿ. ಈ ಕಾಗದ ಅವರ ಕೈಗೆ ಸಿಕ್ಕರೆ ನನ್ನ ಪರವಾಗಿ ನೀವೇ ಮಾತಾಡಬೇಕು.

ಗುರುವಾರ ಶಿವರಾಮ್ ಸರ್ ಬಾಲರಾಜ್ ಅಣ್ಣನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು. ನಾನು ಸಿಂಕಿನ ಹತ್ತಿರ ಪಿಪೆಟ್ಟು ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ ಎಂದು ಹಾಗೇ ಬಿಟ್ಟಿದ್ದೆ.

“ಏನಪ್ಪಾ ಬಾಲರಾಜ್, ನಾಲ್ಕು ವರ್ಷದಿಂದ ಇಂಟ್ರಾನ್ ಇಲ್ಲದ ಯೀಸ್ಟು ಉಪವಾಸ ಹಾಕಿದ್ರೆ ಸಾಯ್ತಿತ್ತು. ನಿನ್ನ ಕೈಗೆ ಬಂದ ತಕ್ಷಣ ಬದುಕ್ಬಿಡ್ತಾ?”

“ಸರ್, ನಾನು ಎಣ್ಸಿದ್ದು ಅಷ್ಟೇ ಸರ್. ಎರಡೂ ಒಂದೇ ಸಮ ಇತ್ತು.”

“ಎಂಟು ದಿನ ಏನೂ ತಿನ್ನದೆ ಇಷ್ಟು ದಪ್ಪ ಬೆಳೀತಾ? ಪ್ಲೇಟ್ ಎಲ್ಲಿ, ತೋರ್ಸು.”

“ತೊಳ್ದುಬಿಟ್ಟಿದಾರೆ ಸರ್.”

“ಫೋಟೋ?”

“ತೆಗ್ದಿಲ್ಲ ಸರ್.”

“ಮದುವೆ ಊಟ ಜಾಸ್ತಿಯಾಗಿ ಕೂತಲ್ಲೇ ಬರ್ದಿದೀಯ ಅಷ್ಟೇ. ಎದ್ದು ಹೋಗು.”

ಬಾಲರಾಜ್ ಅಣ್ಣ ಆ ದಿನವೇ ಅಮೃತಹಳ್ಳಿಗೆ ಹೋದವರು ಮತ್ತೆ ಬಂದಿಲ್ಲ. ಅವರ ಚಪ್ಪಲಿ ಇನ್ನೂ ಲ್ಯಾಬಿನ ಬಾಗಿಲಲ್ಲೇ ಇದೆ. ಲ್ಯಾಬಿನೊಳಗೆ ಹಾಕುವ ಶೂನಲ್ಲೇ ಹೋಗಿದ್ದಾರೆ. ಪಿಎಚ್‌ಡಿ ಇಂಟರ್‌ವ್ಯೂಗೆ ಸರ್ ಬರೆದುಕೊಡಬೇಕಾಗಿದ್ದ ಶಿಫಾರಸು ಕಾಗದವೂ ಇಲ್ಲವಂತೆ.

ಅಕ್ಕ, ಇಂಟ್ರಾನ್ ಎಂದರೇನು? ಮೂರು ವರ್ಷದಿಂದ ಆ ಫ್ಲಾಸ್ಕುಗಳನ್ನು ತೊಳೆಯುತ್ತಿದ್ದೇನೆ. ಒಂದು ದಿನವೂ ಕೇಳಲಿಲ್ಲ. ಕೇಳಿದರೆ ನನಗೆ ಅರ್ಥವಾಗುವುದಿಲ್ಲ ಎಂದು ನಾಚಿಕೆ.

ತಾಹೆರಾ


ಜಾಲಹಳ್ಳಿ
ಮಾರ್ಚ್ 11, 2019

ಪ್ರೀತಿಯ ತಾಹೆರಾ,

ನೀನು ಕೇಳಿದ್ದು ಒಳ್ಳೆಯದಾಯಿತು. ಛಾವಣಿ ನೋಡುತ್ತ ಮಲಗಿದವಳಿಗೆ ಪಾಠ ಹೇಳುವ ಕೆಲಸವಾದರೂ ಸಿಕ್ಕಿತು.

ಒಂದೊಂದು ಜೀವಕೋಶದ ಒಳಗೂ ಅದು ಏನೇನು ಮಾಡಬೇಕು ಎಂದು ಬರೆದಿಟ್ಟ ಪಾಠಗಳಿರುತ್ತವೆ. ಆ ಪಾಠಕ್ಕೆ ಜೀನ್ ಎನ್ನುತ್ತೇವೆ. ಕೆಲವು ಪಾಠಗಳ ಮಧ್ಯದಲ್ಲಿ, ಪಾಠಕ್ಕೆ ಸಂಬಂಧವೇ ಇಲ್ಲದ ಹಾಗೆ ಕಾಣುವ ಸಾಲುಗಳು ಬರುತ್ತವೆ. ಕೋಶ ಮೊದಲು ಎಲ್ಲವನ್ನೂ ಸೇರಿಸಿಯೇ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಆ ಸಾಲುಗಳನ್ನು ಕತ್ತರಿಸಿ ತೆಗೆದು, ಉಳಿದ ತುಂಡುಗಳನ್ನು ಜೋಡಿಸಿಕೊಂಡು ಕೆಲಸ ಮಾಡುತ್ತದೆ. ಹಾಗೆ ಕತ್ತರಿಸಿ ತೆಗೆಯುವ ಭಾಗವೇ ಇಂಟ್ರಾನ್.

ನಿನ್ನಲ್ಲಿ, ನನ್ನಲ್ಲಿ ಅವು ರಾಶಿ ರಾಶಿ ಇವೆ. ಯೀಸ್ಟು ಒಂದೇ ಕೋಶದ ಜೀವಿ. ಅದಕ್ಕೆ ಆರು ಸಾವಿರ ಜೀನುಗಳಿದ್ದರೆ ಮುನ್ನೂರರಲ್ಲೂ ಇಂಟ್ರಾನ್ ಇಲ್ಲ. ಬೇಡದ್ದನ್ನೆಲ್ಲ ಯಾವತ್ತೋ ಬಿಸಾಡಿರುವ ಅಷ್ಟು ಸಣ್ಣ ಜೀವಿ, ಈ ನಾಲ್ಕು ಸಾಲುಗಳನ್ನು ಮಾತ್ರ ಯಾಕೆ ಜೋಪಾನ ಮಾಡಿದೆ? ಪ್ರತಿಸಲವೂ ಕತ್ತರಿಸಿ ಎಸೆಯುವುದಕ್ಕೇ ಇಟ್ಟುಕೊಂಡಿದೆಯೇ? ಇದೇ ನನ್ನ ನಾಲ್ಕು ವರ್ಷದ ಪ್ರಶ್ನೆ.

ನಾವು ಇಂಟ್ರಾನ್ ತೆಗೆದುಹಾಕಿದ ಯೀಸ್ಟನ್ನೂ, ಇರುವ ಯೀಸ್ಟನ್ನೂ ಬೇರೆ ಬೇರೆ ಬೆಳೆಸುತ್ತೇವೆ. ಅವುಗಳ ಊಟಕ್ಕೆ ನೀನು ಮಾಡಿಕೊಡುವ ಸಾರು ಇರುವವರೆಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಹೊಟ್ಟೆ ತುಂಬಿದಾಗ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಾರು ತೆಗೆದು ಬರಿಯ ನೀರಿನಲ್ಲಿ ಬಿಟ್ಟರೆ ಆಗ ಗೊತ್ತಾಗುತ್ತದೆ. ಇಂಟ್ರಾನ್ ಇರುವುದು ತನ್ನ ಕೆಲಸ ಕಡಿಮೆ ಮಾಡಿಕೊಂಡು, ಕೈಕಾಲು ಮುದುರಿಕೊಂಡು ಹೇಗೋ ಬದುಕುತ್ತದೆ. ಇಲ್ಲದ್ದು ಹಸಿವು ಬಂದಿದೆ ಎಂದೇ ತಿಳಿಯದೆ ದುಡಿದು ದುಡಿದು ಸಾಯುತ್ತದೆ. ಅದಕ್ಕೇ ಉಪವಾಸದ ಫ್ಲಾಸ್ಕಿನಲ್ಲಿ ನೀರು ಬಿಟ್ಟು ಬೇರೆ ಒಂದು ಹನಿಯೂ ಇರಬಾರದು. ಒಂದು ಹನಿ ಸಾರು ಬಿದ್ದರೂ ಆ ಫ್ಲಾಸ್ಕು ಕೆಟ್ಟಂತೆ.

ಬಾಲರಾಜನ ವಿಷಯ ಕೇಳಿ ಬೇಜಾರಾಯಿತು. ಆದರೆ ಸರ್ ಹೇಳಿದ್ದರಲ್ಲಿ ತಪ್ಪೇನು ಎಂದೂ ಅನಿಸುತ್ತದೆ. ಎಂಟು ದಿನ ಹಸಿದದ್ದು ಹಾಗೆ ಬೆಳೆಯಲು ಸಾಧ್ಯವೇ ಇಲ್ಲ. ಒಳ್ಳೆಯ ಹುಡುಗ, ಯಾಕೆ ಹೀಗೆ ಮಾಡಿದನೋ.

ಶಶಿರೇಖಾ


ಆರ್.ಟಿ. ನಗರ
ಮಾರ್ಚ್ 20, 2019

ಶಶಿರೇಖಾ ಅಕ್ಕನವರಿಗೆ,

ನಿಮ್ಮ ಕಾಗದ ತಲುಪಿತು. ಇಂಟ್ರಾನ್ ಅರ್ಥವಾಯಿತು. ಇಲ್ಲಿ ಬಿಸಿಲು ಜೋರಾಗಿದೆ. ಲ್ಯಾಬಿನ ಎದುರಿನ ಹೊಂಗೆಮರ ಚಿಗುರಿದೆ. ಆಟೋಕ್ಲೇವಿನ ರಬ್ಬರು ಬದಲಾಯಿಸಿದರು.

ಒಂದು ಮಾತು ಕೇಳಬೇಕಿತ್ತು. ನೀವು ಶನಿವಾರ ಉಪವಾಸ ಎನ್ನುತ್ತಿದ್ದಿರಲ್ಲ, ಆಗ ಅವಲಕ್ಕಿ, ಬಾಳೆಹಣ್ಣು ತಿನ್ನುತ್ತಿದ್ದಿರಿ, ನಾಲ್ಕು ಗಂಟೆಗೆ ಹಾಲು ಕುಡಿಯುತ್ತಿದ್ದಿರಿ. ಅದು ನಿಮ್ಮ ಮನೆಯಲ್ಲಿ ಮಾತ್ರವೋ, ಎಲ್ಲರಲ್ಲೂ ಹಾಗೆಯೋ?

ಸುಮ್ಮನೆ ಕೇಳಿದೆ.

ತಾಹೆರಾ


ಜಾಲಹಳ್ಳಿ
ಏಪ್ರಿಲ್ 2, 2019

ಪ್ರೀತಿಯ ತಾಹೆರಾ,

ನಿನ್ನ ಪ್ರಶ್ನೆಯನ್ನು ಅಮ್ಮನಿಗೆ ಓದಿ ಹೇಳಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವರಿಗೆ. “ಅನ್ನ ಮುಟ್ದೇ ಇದ್ರೆ ಉಪವಾಸ ಕಣಮ್ಮಾ ಅಂತ ಬರಿ ಅವಳಿಗೆ. ಅವಲಕ್ಕಿ, ಉಪ್ಪಿಟ್ಟು, ಹಣ್ಣು, ಹಾಲು ಎಲ್ಲಾ ನಡಿಯುತ್ತೆ. ನಮ್ಮತ್ತೆ ಏಕಾದಶಿ ಉಪವಾಸ ಅಂತ ಮಾಡೋಷ್ಟು ತಿಂಡಿ ಹಬ್ಬದಲ್ಲೂ ಮಾಡ್ತಿರ್ಲಿಲ್ಲ” ಎಂದರು. ನಿಮ್ಮ ರೋಜಾದ ಹಾಗೆ ಒಂದು ಗುಟುಕು ನೀರೂ ಇಲ್ಲದೆ ಇರುವುದು ನಮ್ಮಿಂದಾಗದು.

ಆದರೆ ಇಷ್ಟು ಚಿಕ್ಕ ಕಾಗದ ಯಾಕೆ? ಅದರಲ್ಲಿ ನೀನೇ ಇರಲಿಲ್ಲ. ಮೈ ಹುಷಾರಿಲ್ಲವೇ? ಮನೆಯಲ್ಲಿ ಮದುವೆಯ ಮಾತು ಶುರುವಾಯಿತೇ?

ಸರ್ ಮೊನ್ನೆ ನನಗೆ ಮೇಲ್ ಕಳಿಸಿದ್ದರು. ಬಾಲರಾಜನ ಲೆಕ್ಕವನ್ನು ಬಿಟ್ಟು, ಹಿಂದಿನ ಮೂರು ವರ್ಷದ್ದನ್ನೇ ಇಟ್ಟುಕೊಂಡು ಲೇಖನ ಕಳಿಸೋಣ, ಅವನ ಹೆಸರು ತೆಗೆಯುತ್ತೇನೆ, ನಿನ್ನ ಒಪ್ಪಿಗೆ ಬೇಕು ಎಂದು ಕೇಳಿದ್ದರು. ಒಪ್ಪಿಗೆ ಎಂದು ಬರೆದೆ. ಆ ದಿನ ಊಟ ಸೇರಲಿಲ್ಲ. ಇರಲಿ.

ಶಶಿರೇಖಾ


ಆರ್.ಟಿ. ನಗರ
ಏಪ್ರಿಲ್ 14, 2019

ಅಕ್ಕ,

ಈ ಸಲ ನಕಲು ಮಾಡಿಲ್ಲ. ಗ್ರಾಫ್ ಹಾಳೆಯನ್ನೇ ಕಳಿಸುತ್ತಿದ್ದೇನೆ. ಕಳೆದ ಸಲದ ಕಚ್ಚಾ ಪ್ರತಿ ಎರಡು ಹಾಳೆ ತುಂಬ ಇತ್ತು. ಅದರಲ್ಲಿ ಬೇಡದ್ದನ್ನು ತೆಗೆಯುತ್ತ ತೆಗೆಯುತ್ತ ಬಿಸಿಲು, ಹೊಂಗೆಮರ, ರಬ್ಬರು ಉಳಿಯಿತು. ನೀವು ಅದರಲ್ಲಿ ನಾನಿರಲಿಲ್ಲ ಎಂದಿರಿ. ನಿಜ. ನಾನಿದ್ದದ್ದು ತೆಗೆದ ಸಾಲುಗಳಲ್ಲಿ. ಈಗ ತೆಗೆಯದೆ ಬರೆಯುತ್ತೇನೆ.

ಫ್ಲಾಸ್ಕುಗಳಿಗೆ ಸಾರು ಹಾಕಿದವಳು ನಾನು.

ನೀವು ಆಸ್ಪತ್ರೆಯಿಂದ ಹೇಳಿದ್ದು ಇಷ್ಟೇ. “ತಾಹೆರಾ, ಶೇಕರ್ ಮೇಲಿರೋ ಇಪ್ಪತ್ನಾಲ್ಕು ಫ್ಲಾಸ್ಕು ಎಂಟು ದಿನ ಉಪವಾಸ ಕಣೇ, ನೋಡ್ಕೋ.” ಆಮೇಲೆ ಯಾರೋ ನಿಮ್ಮ ಕೈಯಿಂದ ಫೋನು ತೆಗೆದುಕೊಂಡರು. ಮತ್ತೆ ಫೋನು ಮಾಡಿ ಕೇಳಲು ಧೈರ್ಯ ಬರಲಿಲ್ಲ. ಅಲ್ಲಿ ನಿಮಗೆ ರಕ್ತ ಹೋಗುತ್ತಿರುವಾಗ ಇಲ್ಲಿ ನಾನು ಯೀಸ್ಟಿನ ಮಾತು ಕೇಳಬೇಕೇ?

ಅವತ್ತಿನವರೆಗೆ ಉಪವಾಸದ ಫ್ಲಾಸ್ಕುಗಳನ್ನು ನೀವೇ ನೋಡಿಕೊಳ್ಳುತ್ತಿದ್ದಿರಿ. ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಅದಕ್ಕೇ ನಾನು ಕೂತು ಯೋಚಿಸಿದೆ. ನಮ್ಮಲ್ಲಿ ರೋಜಾ ಎಂದರೆ ಏನೂ ಇಲ್ಲ, ಸಂಜೆಯವರೆಗೆ ಉಗುಳನ್ನೂ ನುಂಗಬಾರದು ಎನ್ನುವವರಿದ್ದಾರೆ. ಆದರೆ ಇದು ನಮ್ಮ ಮನೆಯ ರೋಜಾ ಅಲ್ಲ, ಅಕ್ಕ ಹೇಳಿದ ಉಪವಾಸ. ಅಕ್ಕನ ಉಪವಾಸವನ್ನು ಮೂರು ವರ್ಷದಿಂದ ಕ್ಯಾಂಟೀನಿನಲ್ಲಿ ಕಣ್ಣಾರೆ ನೋಡಿದ್ದೇನೆ. ಅನ್ನ ಇಲ್ಲ, ಆದರೆ ಸ್ವಲ್ಪ ಏನಾದರೂ ಉಂಟು. ಅದೂ ಅಲ್ಲದೆ ನೀವು “ಬಿಡು” ಎನ್ನಲಿಲ್ಲ, “ನೋಡ್ಕೋ” ಎಂದಿರಿ. ನಮ್ಮ ಮನೆಯಲ್ಲಿ ಮಗುವನ್ನು ನೋಡ್ಕೋ ಎಂದರೆ ಹೊಟ್ಟೆಗೆ ಹಾಕು ಎಂದೇ ಅರ್ಥ.

ಹಾಗಾಗಿ ಮೂರು ಪಾಲು ಕಾಯಿಸಿ ಆರಿಸಿದ ನೀರಿಗೆ ಒಂದು ಪಾಲು ಸಾರು ಬೆರೆಸಿದೆ. ನೀವು ಶನಿವಾರ ಹಾಲು ಕುಡಿಯುವ ಹೊತ್ತಿಗೆ, ಸಂಜೆ ನಾಲ್ಕಕ್ಕೆ, ಒಂದೊಂದು ಫ್ಲಾಸ್ಕಿಗೂ ಐದೈದು ಎಂಎಲ್. ದೀಪ ಹಚ್ಚಿಕೊಂಡು, ಫ್ಲಾಸ್ಕಿನ ಬಾಯಿಯನ್ನು ಉರಿಗೆ ಹಿಡಿದು, ನೀವು ಕಲಿಸಿದ ಹಾಗೆಯೇ. ಎಲ್ಲದಕ್ಕೂ ಒಂದೇ ಸಮ. ಯಾವುದಕ್ಕೂ ಮೋಸ ಮಾಡಲಿಲ್ಲ. ಎಂಟನೇ ದಿನ ನೀರು ಮಂದವಾಗಿ ಮಜ್ಜಿಗೆಯ ಹಾಗಿತ್ತು. ಎಷ್ಟು ಚೆನ್ನಾಗಿದ್ದಾವೆ ಎಂದು ನನಗೆ ಖುಷಿಯಾಗಿತ್ತು ಅಕ್ಕ.

ಒಂದು ಹನಿ ಬಿದ್ದರೂ ಕೆಟ್ಟಂತೆ ಎಂದು ನೀವು ಬರೆದದ್ದನ್ನು ಓದಿದಾಗ ನಾನು ಬಸ್ಸಿನಲ್ಲಿದ್ದೆ. ಹೆಬ್ಬಾಳದಲ್ಲಿ ಇಳಿಯಬೇಕಾದವಳು ಯಶವಂತಪುರದವರೆಗೆ ಹೋಗಿಬಿಟ್ಟೆ.

ಬಾಲರಾಜ್ ಅಣ್ಣ ಕೂತಲ್ಲೇ ಬರೆಯಲಿಲ್ಲ. ಅವರು ಎಣಿಸಿದ್ದೆಲ್ಲ ಅಲ್ಲೇ ಇತ್ತು. ಅದನ್ನು ಬೆಳೆಸಿದ್ದೂ ನಾನು, ತೊಳೆದು ಹಾಕಿದ್ದೂ ನಾನು. ಆ ಗುರುವಾರ ನಾನು ನಲ್ಲಿ ಬಿಟ್ಟುಕೊಂಡು ನಿಂತಿದ್ದಾಗ ನನಗಿದು ಗೊತ್ತಿರಲಿಲ್ಲ. ಆದರೆ ಮಾರ್ಚಿನಿಂದ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ದೇನೆ.

ಸರ್ ಎದುರು ಹೋದರೆ ನನಗೆ ಬಾಯಿ ಕಟ್ಟುತ್ತದೆ. ನಾನು ಗುತ್ತಿಗೆ ಏಜೆನ್ಸಿಯ ಕಡೆಯವಳು, ಒಂದು ಫೋನು ಮಾಡಿದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ. ಅಬ್ಬಾಗೆ ಹತ್ತಿಯ ಧೂಳಿನಿಂದ ಉಸಿರು ಹಿಡಿಯುತ್ತದೆ. ಇದೆಲ್ಲ ನಿಜ. ಆದರೆ ಇದೆಲ್ಲ ಬಾಲರಾಜ್ ಅಣ್ಣನಿಗೆ ಯಾಕೆ ಬೇಕು?

ಏನು ಮಾಡಲಿ ಹೇಳಿ.

ತಾಹೆರಾ


ಜಾಲಹಳ್ಳಿ
ಮೇ 25, 2019

ತಾಹೆರಾ,

ಹನ್ನೆರಡನೇ ತಾರೀಖು ಹೆಣ್ಣುಮಗು ಹುಟ್ಟಿತು. ಹೇಳಿದ್ದಕ್ಕಿಂತ ಮೊದಲೇ ಬಂದಳು. ಎರಡು ಕೆಜಿ ನೂರು ಗ್ರಾಂ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಈಗ ಮನೆಗೆ ಬಂದಿದ್ದೇವೆ.

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗದೆ ಇದ್ದದ್ದು ಮಗುವಿನಿಂದ ಅಲ್ಲ. ಓದಿದ ದಿನ ಸಿಟ್ಟು ಬಂತು. ನಿನ್ನ ಮೇಲೆ ಬಂದ ಸಿಟ್ಟು ಎರಡು ದಿನಕ್ಕೆ ಇಳಿಯಿತು. ನನ್ನ ಮೇಲೆ ಬಂದದ್ದು ಇಳಿದಿಲ್ಲ. ಅರ್ಧ ಮಾತು ಹೇಳಿ ಫೋನು ಇಟ್ಟವಳು ನಾನು. ಪ್ರಯೋಗವನ್ನು ಅದರ ತರಬೇತಿ ಇಲ್ಲದವರ ಕೈಗೆ ಕೊಡಬಾರದು ಎಂಬುದು ಲ್ಯಾಬಿನ ಮೊದಲ ನಿಯಮ. ಸರ್ ಕೇಳಿದರೆ ಮೊದಲು ನನ್ನನ್ನೇ ಕೇಳುತ್ತಾರೆ.

ಅದಕ್ಕೇ ಹೇಳುತ್ತೇನೆ, ಸದ್ಯಕ್ಕೆ ಯಾರಿಗೂ ಹೇಳಬೇಡ. ನಿನ್ನನ್ನು ತೆಗೆದುಹಾಕುತ್ತಾರೆ. ಬಾಲರಾಜ್ ಎಂಎಸ್ಸಿ ಮಾಡಿದ್ದಾನೆ, ಎಲ್ಲಾದರೂ ಕೆಲಸ ಹುಡುಕಿಕೊಳ್ಳುತ್ತಾನೆ. ನಿನಗೆ ಯಾರು ಕೊಡುತ್ತಾರೆ? ಲೇಖನವೂ ಹೋಗಿಬಿಟ್ಟಿದೆ. ಹಿಂದಿನ ಮೂರು ವರ್ಷದ ಫಲಿತಾಂಶ ಸರಿಯಾಗಿಯೇ ಇದೆ, ಅದರಲ್ಲಿ ಸುಳ್ಳೇನಿಲ್ಲ. ನಾನು ಆಗಸ್ಟಿನಲ್ಲಿ ಬಂದ ಮೇಲೆ ಸಮಯ ನೋಡಿ ಏನಾದರೂ ಮಾಡೋಣ.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಹಾಲು ಸರಿಯಾಗಿ ಕುಡಿಯುವುದಿಲ್ಲ. ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು.

ಶಶಿರೇಖಾ


ಆರ್.ಟಿ. ನಗರ
ಜೂನ್ 17, 2019

ಶಶಿರೇಖಾ ಅಕ್ಕನವರಿಗೆ,

ಮಗುವಿನ ಸುದ್ದಿ ಕೇಳಿ ಅಬ್ಬಾ ಅಂಗೈಯಗಲದ ಎರಡು ದಿಂಬು ಹೊಲಿದಿದ್ದಾರೆ. ಬೇರೆ ಅಂಚೆಯಲ್ಲಿ ಕಳಿಸುತ್ತೇನೆ. ಈ ಕಾಗದ ಓದಿದ ಮೇಲೆ ನಿಮಗೆ ಅದು ಬೇಡವೆನಿಸಿದರೂ ಮಗುವಿಗೆ ಇಡಿ. ಅದರ ಹತ್ತಿ ಹೊಸದು.

ನಾನು ಹೇಳಿಬಿಟ್ಟೆ ಅಕ್ಕ.

ನಿಮ್ಮ ಮಾತು ಕೇಳಬೇಕೆಂದೇ ಇದ್ದೆ. ರಂಜಾನು ಮುಗಿಯುವವರೆಗೆ ಇದ್ದೆ. ಬೇಡ ಎಂದು ಅಕ್ಕನೇ ಹೇಳಿದ್ದಾರೆ, ಇನ್ನು ನನ್ನ ತಪ್ಪಿಲ್ಲ ಎಂದು ದಿನಾ ಹೇಳಿಕೊಳ್ಳುತ್ತಿದ್ದೆ. ಹಬ್ಬದ ಮರುವಾರ ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಒಂದು ಬೈಕು ಬಂದು ಮುಂದೆ ನಿಂತಿತು. ಬಾಲರಾಜ್ ಅಣ್ಣ. ಹಿಂದುಗಡೆ ಕೆಂಪು ಡಬ್ಬ ಕಟ್ಟಿಕೊಂಡಿದ್ದರು.

“ಏನ್ ಸಮಾಚಾರ ತಾಹೆರಾ? ಹಬ್ಬ ಜೋರಾ? ಬಿರಿಯಾನಿಗೆ ಕರೀಲೇ ಇಲ್ಲ.”

ನಾನು ಹೂಂ ಎಂದೆ.

“ನೋಡು, ನಾನೀಗ ಸೊಳ್ಳೆ ಕೆಲ್ಸಕ್ಕೆ ಸೇರ್ಕೊಂಡಿದೀನಿ. ಮನೆಮನೆಗೆ ಹೋಗಿ ರಕ್ತ ತಗೊಂಡು ಡೆಂಗಿ ಟೆಸ್ಟಿಗೆ ತಲುಪ್ಸೋದು. ಶಶಿರೇಖಾ ಮೇಡಂ ಹೆಂಗಿದಾರೆ? ಮಗು ಆಯ್ತಂತೆ?”

ಹೂಂ ಎಂದೆ.

ಅವರು ಬೈಕು ಸ್ಟಾರ್ಟ್ ಮಾಡಿದವರು ಮತ್ತೆ ಆರಿಸಿದರು. “ಒಂದ್ ಮಾತ್ ಕೇಳ್ಲಾ? ನೀನೇ ಅಲ್ವಾ ಆ ಪ್ಲೇಟ್ ತೊಳ್ದಿದ್ದು. ಅದ್ರಲ್ಲಿ ಚುಕ್ಕೆ ಜಾಸ್ತಿ ಇತ್ತು ತಾನೇ? ಇತ್ತೀಚೆಗೆ ನಂಗೇ ಡೌಟು ಕಣಮ್ಮ. ಸರ್ ಹೇಳ್ದಂಗೆ ಮದುವೆ ಓಡಾಟದಲ್ಲಿ ಸುಸ್ತಾಗಿ ಏನೋ ಬರ್ದ್ಬಿಟ್ನಾ ಅಂತ. ಈಗ ಇಲ್ಲೂ ಒಂದೊಂದ್ ಟ್ಯೂಬಿನ ಹೆಸರನ್ನ ಮೂರ್ ಮೂರ್ ಸಲ ಓದ್ತೀನಿ. ಬೈತಾರೆ, ಲೇಟಾಗುತ್ತೆ ಅಂತ.”

ಕೆಲಸ ಎಲ್ಲಾದರೂ ಸಿಗುತ್ತದೆ ಎಂದು ನೀವು ಬರೆದಿದ್ದಿರಿ. ಸಿಕ್ಕಿದೆ. ಆದರೆ ಅವರಿಗೆ ಅವರ ಕಣ್ಣಿನ ಮೇಲೇ ನಂಬಿಕೆ ಹೋಗಿದೆ. ಅದನ್ನು ತೆಗೆದುಕೊಂಡದ್ದು ನಾನು. “ಇತ್ತು ಅಣ್ಣ, ಜಾಸ್ತಿನೇ ಇತ್ತು” ಎಂದೆ. ಅಷ್ಟೇ ಹೇಳಲಿಕ್ಕಾಯಿತು. ಬಸ್ಸು ಬಂತು, ಹತ್ತಿದೆ.

ಗುರುವಾರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಸರ್ ರೂಮಿಗೆ ಹೋದೆ. ನಿಮಗೆ ತಿಳಿಸಿದ್ದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಅವರು ಫೋನಿನಲ್ಲಿ ಮಾತಾಡುತ್ತಲೇ ಹಾಳೆ ತೆಗೆದುಕೊಂಡರು. ಓದುತ್ತ ಓದುತ್ತ ಫೋನು ಕೆಳಗಿಟ್ಟರು.

“ಐದು ಎಂಎಲ್? ದಿನಾ?”

“ಹೂಂ ಸರ್.”

“ಇಪ್ಪತ್ನಾಲ್ಕಕ್ಕೂ?”

“ಹೂಂ ಸರ್.”

“ಯಾವತ್ತು ಗೊತ್ತಾಯ್ತು ತಪ್ಪು ಅಂತ?”

“ಮಾರ್ಚಲ್ಲಿ.”

“ಇದು ಜೂನು.” ಅವರು ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. “ಆ ಹುಡುಗನ್ನ ನಾನು ಏನೇನು ಅಂದೆ ಗೊತ್ತಾ ನಿಂಗೆ? ನೀನೂ ಅಲ್ಲೇ ನಿಂತಿದ್ದೆ.” ನನ್ನ ಹಾಳೆಯನ್ನು ಮಡಿಸುತ್ತ ಕೇಳಿದರು. “ಶಶಿರೇಖಾಗೆ ಗೊತ್ತಾ?”

ಅಕ್ಕ, ಊಹೂಂ ಎಂದರೆ ಮುಗಿದಿತ್ತು. ಜೀವನದಲ್ಲಿ ನಾನು ಹೆಚ್ಚು ಆಡಿದ ಮಾತು ಅದು. ಆಗ ಬರಲಿಲ್ಲ. ಹೂಂ ಎಂದೂ ಹೇಳಲಿಲ್ಲ. ಸುಮ್ಮನೆ ನಿಂತೆ. ಅವರಿಗೆ ಗೊತ್ತಾಯಿತು. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ. ಬೇರೆ ಯಾವುದಕ್ಕೂ ಕೇಳುವುದಿಲ್ಲ. ಸರ್ ನಿಮಗೆ ಫೋನು ಮಾಡುವ ಮೊದಲು ಈ ಕಾಗದ ತಲುಪಲಿ ಎಂದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಜುಲೈ ಒಂದರಿಂದ ನನಗೆ ಲ್ಯಾಬಿನ ಕೆಲಸವಿಲ್ಲ. ಪೂರ್ತಿ ತೆಗೆದುಹಾಕಲಿಲ್ಲ, ಹಾಸ್ಟೆಲಿನ ಅಡುಗೆಮನೆಗೆ ಹಾಕಿದ್ದಾರೆ, ತಟ್ಟೆ ತೊಳೆಯಲು. ಅಬ್ಬಾಗೆ ಹೇಳಿದೆ. ಅವರು ಸೂಜಿ ಹಿಡಿದ ಕೈ ನಿಲ್ಲಿಸಲಿಲ್ಲ. “ಅನ್ನದ ತಟ್ಟೆ ತಾನೇ” ಎಂದರು.

ಇವತ್ತು ಬೆಳಿಗ್ಗೆ ಬಾಲರಾಜ್ ಅಣ್ಣ ಲ್ಯಾಬಿಗೆ ಬಂದಿದ್ದರು. ಸರ್ ಬಾಗಿಲು ಹಾಕಿಕೊಂಡು ಅವರ ಜೊತೆ ಮಾತಾಡಿದರು. ಏನು ಮಾತಾಡಿದರೋ ಗೊತ್ತಿಲ್ಲ. ಕೈಯಲ್ಲಿ ಶಿಫಾರಸು ಕಾಗದದ ಕವರು ಹಿಡಿದುಕೊಂಡು ಹೊರಗೆ ಬಂದವರು ನೇರ ನನ್ನ ಹತ್ತಿರ ಬಂದರು. ಪಿಎಚ್‌ಡಿಯ ಇಂಟರ್‌ವ್ಯೂ ಮೇ ತಿಂಗಳಲ್ಲೇ ಮುಗಿದುಹೋಗಿದೆ, ಇನ್ನು ಮುಂದಿನ ವರ್ಷವೇ. ಅವರು ನಗಲಿಲ್ಲ.

“ನಿಂಗೆ ಬೈಬೇಕು ಅಂತಾನೇ ಬಂದೆ. ದಾರೀಲಿ ಎಲ್ಲಾ ಪ್ರಾಕ್ಟೀಸ್ ಮಾಡ್ಕೊಂಡ್ ಬಂದೆ.”

“ಬೈರಿ ಅಣ್ಣ.”

“ಮರ್ತೋಯ್ತು.” ನನ್ನ ಮುಂದೆ ಲ್ಯಾಬಿನ ದಪ್ಪ ನೋಟ್‌ಬುಕ್ಕು ಇಟ್ಟರು. “ಸರ್ ಹೇಳಿದ್ರು, ಇದ್ರಲ್ಲಿ ಬರೀಬೇಕಂತೆ ನೀನು. ಎಂಟು ದಿನದ್ದೂ.”

“ಇಂಗ್ಲಿಷಲ್ಲಾ?”

“ನಿಂಗೆ ಬರೋದ್ರಲ್ಲಿ ಬರಿ.”

ಸ್ಟೂಲಿನ ಮೇಲೆ ಕುಳಿತು ಬರೆದೆ. ಜನವರಿ ಇಪ್ಪತ್ತೊಂದು, ಸಂಜೆ ನಾಲ್ಕು, ಮೂರು ಪಾಲು ನೀರು ಒಂದು ಪಾಲು ಸಾರು, ಐದು ಎಂಎಲ್. ಕಚ್ಚಾ ಇಲ್ಲ, ನಕಲು ಇಲ್ಲ, ನೇರ ಪೆನ್ನಿನಲ್ಲೇ. ಆರನೇ ಸಾಲಿಗೆ ಬರುವಾಗ ತಾರೀಖು ತಪ್ಪಿ ಇಪ್ಪತ್ತೇಳು ಎಂದು ಬರೆದುಬಿಟ್ಟೆ. ಗಾಬರಿಯಾಗಿ ಅದನ್ನು ಗೀಚಿ ಅಳಿಸಲು ಹೋದೆ. ಬಾಲರಾಜ್ ಅಣ್ಣ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು.

“ಹಂಗೆಲ್ಲಾ ಗೀಚ್ಬಾರ್ದು. ಒಂದೇ ಒಂದು ಗೆರೆ ಹೊಡಿ. ಕೆಳಗಿಂದು ಕಾಣ್ತಾ ಇರ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರ್ದು ಸೈನ್ ಹಾಕು.”

ಒಂದು ಗೆರೆ ಹೊಡೆದೆ. ಪಕ್ಕದಲ್ಲಿ ಇಪ್ಪತ್ತಾರು ಎಂದು ಬರೆದು, ನನ್ನ ಹೆಸರು ಹಾಕಿದೆ.

ತಾಹೆರಾ